ತೆನೊಚ್ತಿತ್ಲಾನ್ ಪತನ: ಮೂರು ಕಥನಗಳ ಹೋಲಿಕೆ

ಇಂದಿನ ಮೆಕ್ಸಿಕೊದಲ್ಲಿ ಆಳುತ್ತಿದ್ದ ಅಜ್ಟೆಕರ ರಾಜಧಾನಿ ತೆನೊಚ್ತಿತ್ಲಾನ್ 1521ರ ಆಗಸ್ಟ್ 13ರಂದು ಸ್ಪೇನಿನವರ ವಶವಾದ ಬಗೆಯನ್ನು ಮೂಲ ಬರಹಗಳಿಂದಲೇ ಅರಿಯಬಯಸುವವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ: ದಂಡನಾಯಕ ಹೆರ್ನಾನ್ ಕೊರ್ತೆಸ್ ತನ್ನ ದೊರೆಗೆ ಬರೆದ ಪತ್ರಗಳು, ಅವನ ಸೈನಿಕ ಬೆರ್ನಾಲ್ ದಿಯಾಸ್ ಮುಪ್ಪಿನಲ್ಲಿ ಗ್ವಾಟೆಮಾಲಾದಲ್ಲಿ ಬರೆದ ನೆನಪುಗಳು, ಮತ್ತು ಪಾದ್ರಿ ಸಹಗುನ್ ಸ್ಥಳೀಯರಿಂದ ಅವರದೇ ನಾವಾತ್ಲ್ ಭಾಷೆಯಲ್ಲಿ ಸಂಗ್ರಹಿಸಿದ ಹಸ್ತಪ್ರತಿ ಫ್ಲಾರೆಂಟೈನ್ ಕೋಡೆಕ್ಸ್‌ನ ಹನ್ನೆರಡನೆಯ ಭಾಗ. ಮೂರನ್ನೂ ನಾನು ಇಂಗ್ಲಿಷ್ ಅನುವಾದದಲ್ಲಿ, ಒಂದೇ ಘಟನೆಯ ಪುಟಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು ಓದಿದೆ.

ಇವುಗಳಿಗೆ ನಿಜವಾದ ಒರೆಗಲ್ಲು 1520ರ ಮೇ ತಿಂಗಳ ಅಜ್ಟೆಕರ ತೋಷ್ಕಾತ್ಲ್ ಹಬ್ಬ. ತನ್ನನ್ನು ಸೆರೆಹಿಡಿಯಲು ಕ್ಯೂಬಾದಿಂದ ಬಂದಿದ್ದ ಸ್ಪೇನಿನ ದಂಡನಾಯಕ ನಾರ್ವಾಯೆಸ್‌ನನ್ನು ಎದುರಿಸಲು ಕೊರ್ತೆಸ್ ಕರಾವಳಿಗೆ ಹೋಗಿದ್ದಾಗ, ನಗರದಲ್ಲಿ ಉಳಿದಿದ್ದ ಅವನ ಉಪನಾಯಕ ಅಲ್ವಾರಾದೊನ ಪಡೆ ದೇವಾಲಯದ ಅಂಗಳದಲ್ಲಿ ಕುಣಿಯುತ್ತಿದ್ದವರನ್ನು ಕೊಂದಿತು. ಕೊರ್ತೆಸ್‌ನ ಎರಡನೆಯ ಪತ್ರ ನಗರ ದಂಗೆಯೆದ್ದುದನ್ನು ವಿವರಿಸುತ್ತದೆಯೇ ಹೊರತು ಈ ಕೊಲೆಗಳ ಸುದ್ದಿಯನ್ನೇ ಎತ್ತುವುದಿಲ್ಲ. ದಿಯಾಸ್ ದಾಳಿಯನ್ನು ಒಪ್ಪಿಕೊಂಡು, ಅಜ್ಟೆಕರೇ ಮೇಲೆ ಬೀಳಲಿದ್ದರೆಂಬ ಅಲ್ವಾರಾದೊನ ಸಮರ್ಥನೆಯನ್ನೂ ಮುಂದಿಡುತ್ತಾನೆ. ಕೋಡೆಕ್ಸ್ ಮಾತ್ರ ನಮ್ಮನ್ನು ಅಂಗಳದೊಳಕ್ಕೇ ಕರೆದೊಯ್ಯುತ್ತದೆ: ಹೊರದಾರಿಗಳನ್ನು ಮುಚ್ಚಿದ್ದು, ಮೊದಲು ವಾದ್ಯ ಬಾರಿಸುತ್ತಿದ್ದವನ ಕೈಗಳನ್ನು, ಬಳಿಕ ತಲೆಯನ್ನು ಕಡಿದದ್ದು, ಹೆಣಗಳ ನಡುವೆ ಸತ್ತಂತೆ ಬಿದ್ದುಕೊಂಡವರು ಬದುಕುಳಿದದ್ದು. ಇದನ್ನು ಓದಿದ ಮೇಲೆ ಕೊರ್ತೆಸ್‌ನ ಮೌನವನ್ನು ಮರೆವೆಂದು ನಂಬುವುದು ನನ್ನಿಂದಾಗಲಿಲ್ಲ.

ಅಜ್ಟೆಕರ ದೊರೆ ಮೊಕ್ತೆಸುಮನ ಸಾವಿನಲ್ಲೂ ಇದೇ ಒಡಕು. ಸ್ವಂತ ಪ್ರಜೆಗಳ ಕಲ್ಲೇಟಿನಿಂದ ಅವನು ಸತ್ತನೆಂದು ಸ್ಪೇನಿನವರಿಬ್ಬರೂ ಹೇಳುತ್ತಾರೆ. ಅವನ ಶವವನ್ನು ಸ್ಪೇನಿನವರು ನೀರಂಚಿನಲ್ಲಿ ಎಸೆದುಹೋದರೆಂಬಲ್ಲಿಗೆ ಕೋಡೆಕ್ಸ್ ನಿಲ್ಲುತ್ತದೆ.

ಓದಿನ ಸುಖಕ್ಕಾದರೆ ದಿಯಾಸ್‌ಗೆ ಸಾಟಿಯಿಲ್ಲ. ಅಮೆರಿಕಕ್ಕೆ ಕಾಲಿಡದೆಯೇ ಇತಿಹಾಸ ಬರೆದ ಗೋಮಾರಾನ ಮೇಲಿನ ಅವನ ಸಿಟ್ಟು ಪುಟಪುಟಗಳಲ್ಲೂ ಇಣುಕುತ್ತದೆ. ಕೊರ್ತೆಸ್ ಎರಡನೆಯ ಪತ್ರದಲ್ಲಿ ಹೆಸರನ್ನೂ ಹೇಳದೆ ಬಿಟ್ಟ ದುಭಾಷಿ ಮರೀನಾಳ ಬದುಕಿಗೆ ಇವನು ಒಂದು ಅಧ್ಯಾಯವನ್ನೇ ಕೊಡುತ್ತಾನೆ. ಆದರೆ ಅವನು ಬರೆದದ್ದು ದಶಕಗಳ ನಂತರ, ತನಗೂ ಜೊತೆಗಾರರಿಗೂ ಸಲ್ಲಬೇಕಾದ ಪ್ರತಿಫಲದ ಮೇಲೆ ಕಣ್ಣಿಟ್ಟು.

ಕೋಡೆಕ್ಸ್ ಕೂಡ ನಿಷ್ಪಕ್ಷಪಾತಿಯಲ್ಲ. ಅದರಲ್ಲಿ ಕೇಳುವುದು ಬಹುಮಟ್ಟಿಗೆ ನೆರೆಯ ತ್ಲಾತೆಲೊಲ್ಕೊ ಪಟ್ಟಣದವರ ದನಿ. ಮೊಕ್ತೆಸುಮ ಅಂಜುಬುರುಕನಾಗಿಯೂ ತಮ್ಮವರು ವೀರರಾಗಿಯೂ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಆದರೂ ಸಿಡುಬಿನ ಹುಣ್ಣುಗಳಿಂದ ಮಗ್ಗುಲು ಹೊರಳಿಸಲೂ ಆಗದವರನ್ನು, ಮುತ್ತಿಗೆಯಲ್ಲಿ ಹಲ್ಲಿ, ಚರ್ಮ ತಿಂದವರನ್ನು ಅದು ವರ್ಣಿಸುವ ಬಗೆಗೆ ಉಳಿದೆರಡರಲ್ಲಿ ಸಮನಾದದ್ದು ನನಗೆ ಸಿಗಲಿಲ್ಲ.

ಒಂದನ್ನಷ್ಟೇ ಓದಲು ಬಿಡುವಿರುವವರಿಗೆ ನನ್ನ ಸೂಚನೆ ಕೋಡೆಕ್ಸ್. ಎರಡಕ್ಕೆ ಬಿಡುವಿದ್ದರೆ ಅದರ ನಂತರ ದಿಯಾಸ್. ಕೊರ್ತೆಸ್‌ನನ್ನು ಕೊನೆಗೆ ಓದಿದರೆ ಸಾಕು; ಅವನು ಯಾವುದನ್ನು ಬಿಟ್ಟಿದ್ದಾನೆಂಬುದು ಆಗಲೇ ಕಾಣುವುದು.