ಅಂಟಾಲ್ಯದಿಂದ ಒಂದೇ ದಿನದಲ್ಲಿ ಪಮುಕ್ಕಲೆ: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಟರ್ಕಿಗೆ ಹೋಗುವ ಯೋಚನೆ ಇರುವವರು, ಅದರಲ್ಲೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕಡಲತೀರದ ಊರಾದ ಅಂಟಾಲ್ಯದಿಂದ, ಬಿಸಿನೀರಿನ ಬಿಳಿ ಬೆಟ್ಟವಿರುವ ಪಮುಕ್ಕಲೆಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವ ಬಸ್ ಪ್ರವಾಸ ಮಾಡಿ ನಾವು ತುಂಬಾ ನೊಂದುಕೊಂಡು ಬಂದೆವು. ಬೆಳಿಗ್ಗೆ ಐದಕ್ಕೆ ಹೋಟೆಲ್ ಬಿಟ್ಟವರು ವಾಪಸ್ ಬಂದಾಗ ರಾತ್ರಿ ಹತ್ತೂ ಇಪ್ಪತ್ತು. ಹದಿನೇಳು ಗಂಟೆಗೂ ಜಾಸ್ತಿ. ಅದರಲ್ಲಿ ನಾವು ನೋಡಬೇಕೆಂದು ಹೋದ ಜಾಗದೊಳಗೆ ಇದ್ದದ್ದು ಬರೀ ಎರಡು ಗಂಟೆ. ಅದೂ ಜುಲೈ ತಿಂಗಳ ಉರಿಬಿಸಿಲಿನಲ್ಲಿ, ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ.

ಜಾಗದ ಮೇಲೆ ನನಗೆ ಯಾವ ದೂರೂ ಇಲ್ಲ. ಅಂಥ ಜಾಗವನ್ನು ಹೀಗೆ ನೋಡಬೇಕಾಯಿತಲ್ಲ ಎನ್ನುವುದೇ ಸಂಕಟ.

ಈ ಪ್ರವಾಸ ಆಸೆಪಟ್ಟು ಕೇಳಿದ್ದು ಅಮ್ಮ. ಅವರಿಗೆ 66 ವರ್ಷ, ಎರಡೂ ಮಂಡಿ ನೋವು. ಎಲ್ಲೋ ಫೋಟೋದಲ್ಲಿ ಬೆಟ್ಟದ ಮೇಲಿನ ಆ ಬೆಳ್ಳನೆಯ ಮೆಟ್ಟಿಲುಗಳನ್ನು, ಒಂದೊಂದು ಮೆಟ್ಟಿಲಲ್ಲೂ ನಿಂತ ತಿಳಿನೀಲಿ ನೀರನ್ನು ನೋಡಿದ್ದರು. ಎರಡು ಸಾವಿರ ವರ್ಷದಿಂದ ಜನ ಮೈಕೈ ನೋವಿಗೆ ಅಲ್ಲಿ ಬಂದು ಮುಳುಗಿ ಹೋಗುತ್ತಿದ್ದರು ಎಂದು ನಾನೇ ಹೇಳಿದ್ದೆ. ಅಷ್ಟು ಸಾಕಾಯಿತು. ಬಿಸಿನೀರಿನ ಕೊಳಕ್ಕೆ ಇಳಿಯಬೇಕೆಂದು ಜೀವನದಲ್ಲೇ ಮೊದಲ ಸಲ ಈಜುವ ಬಟ್ಟೆ ಕೊಂಡುಕೊಂಡರು. ತುಂಬು ತೋಳಿನದ್ದು. ಟವೆಲ್ಲನ್ನು ಮಡಿಸಿ, ಬಟ್ಟೆಯನ್ನು ಅದರ ನಡುವೆ ಸುತ್ತಿ, ಹಿಂದಿನ ರಾತ್ರಿಯೇ ಬ್ಯಾಗಿಗೆ ಹಾಕಿಟ್ಟಿದ್ದರು.

ನಾನು ಬುಕ್ ಮಾಡಿದ್ದು ಹೋಟೆಲ್ ಹತ್ತಿರದ ಒಂದು ಪ್ರವಾಸದ ಅಂಗಡಿಯಲ್ಲಿ. ಊಟ, ಬಸ್ಸು, ಪ್ರವೇಶ ಎಲ್ಲ ಸೇರಿ ಎಂದರು. ರೇಟು ಕಡಿಮೆ ಅನಿಸಿತು, ಖುಷಿಯಾಯಿತು. ಅಲ್ಲೇ ನಾನು ನಿಂತು ಯೋಚಿಸಬೇಕಿತ್ತು. ವಿದೇಶಿಯರಿಗೆ ಪಮುಕ್ಕಲೆಯ ಪ್ರವೇಶವೇ 30 ಯೂರೋ ಇತ್ತು. ಅದರ ಮೇಲೆ ಸ್ವಲ್ಪವೇ ಸ್ವಲ್ಪ ಸೇರಿಸಿ ಅಷ್ಟು ದೂರದ ಬಸ್ಸು, ಗೈಡು, ಊಟ ಎಲ್ಲ ಕೊಡುತ್ತಾರೆ ಅಂದರೆ ಉಳಿದ ದುಡ್ಡು ಎಲ್ಲಿಂದ ಬರಬೇಕು? ಅಂಗಡಿಗಳಿಂದ. ಇದು ನನಗೆ ಬಸ್ಸಿನಲ್ಲಿ ಕೂತ ಮೇಲೆ ಅರ್ಥವಾಯಿತು.

ಅಂಟಾಲ್ಯದಿಂದ ಪಮುಕ್ಕಲೆಗೆ ಸುಮಾರು 240 ಕಿಲೋಮೀಟರ್. ಟಾರಸ್ ಬೆಟ್ಟ ಹತ್ತಿ, ಕೊರ್ಕುತೆಲಿ ದಾಟಿ ಹೋಗುವ ದಾರಿ. ನೇರ ಹೋದರೆ ಮೂರೂವರೆ ಗಂಟೆಯೊಳಗೆ ಮುಟ್ಟಬಹುದು. ನಮಗೆ ಎಂಟೂವರೆ ಗಂಟೆ ಹಿಡಿಯಿತು. ಬಸ್ಸಿಗೆ ಮೊದಲು ಹತ್ತಿದವರೇ ನಾವು, ಹಾಗಾಗಿ ಮೊದಲ ಒಂದೂವರೆ ಗಂಟೆ ಬೇರೆಯವರನ್ನು ಹತ್ತಿಸಿಕೊಳ್ಳಲು ಹೋಟೆಲಿಂದ ಹೋಟೆಲಿಗೆ ಸುತ್ತಿದೆವು. ಆಮೇಲೆ ತಿಂಡಿ. ಆಮೇಲೆ ಒನಿಕ್ಸ್ ಕಲ್ಲಿನ ಕಾರ್ಖಾನೆ ಅಂತ ಒಂದು ಕಡೆ ಇಳಿಸಿದರು. ಐದು ನಿಮಿಷ ಕಲ್ಲು ಕೊರೆದು ತೋರಿಸಿ, ಮುಕ್ಕಾಲು ಗಂಟೆ ಒಡವೆ ಅಂಗಡಿಯಲ್ಲಿ ಬಿಟ್ಟರು. ಹೊರಗೆ ಬರುವ ಬಾಗಿಲು ಅಂಗಡಿಯ ಆ ತುದಿಯಲ್ಲಿತ್ತು. ಆಮೇಲೆ ಬಟ್ಟೆ ಅಂಗಡಿ. ಪಮುಕ್ಕಲೆ ಇರುವ ಡೆನಿಜ್ಲಿ ಜಿಲ್ಲೆ ಟವೆಲ್, ಹಾಸುಬಟ್ಟೆಗೆ ಹೆಸರುವಾಸಿ, ನಿಜ. ಆದರೆ ಬೆಟ್ಟ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದ ಮೇಲೂ ಟವೆಲ್ ನೋಡುತ್ತಾ ನಿಲ್ಲಬೇಕಾಯಿತು. ಆಮೇಲೆ ಊಟಕ್ಕೆ ಒಂದು ಗಂಟೆ. ಅಮ್ಮ ಬಸ್ಸಿನ ಕಿಟಕಿಯಿಂದ ಬೆಟ್ಟದ ಬಿಳಿ ಗೋಡೆ ನೋಡಿ ಸುಮ್ಮನೆ ನನ್ನ ಕೈ ಹಿಡಿದುಕೊಂಡರು. ಅವರು ಆ ದಿನ ಮನಸ್ಸು ತುಂಬಿ ನಕ್ಕದ್ದು ಆಗ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಗೇಟು. ಪಮುಕ್ಕಲೆಗೆ ಮೂರು ಕಡೆಯಿಂದ ಒಳಗೆ ಹೋಗಬಹುದು. ಊರಿನ ಕಡೆಯಿಂದ ಬಿಳಿ ಬೆಟ್ಟವನ್ನೇ ಬರಿಗಾಲಲ್ಲಿ ಹತ್ತುವ ಕೆಳಗಿನ ಗೇಟು, ಬಿಸಿನೀರಿಗೂ ಬಿಳಿ ಮೆಟ್ಟಿಲುಗಳಿಗೂ ಹತ್ತಿರವಾದ ದಕ್ಷಿಣದ ಗೇಟು, ಮತ್ತು ಉತ್ತರದ ಗೇಟು. ನಮ್ಮನ್ನು ಇಳಿಸಿದ್ದು ಉತ್ತರದಲ್ಲಿ. ಅಲ್ಲಿಂದ ನೀರಿರುವ ಕಡೆಗೆ ಸುಮಾರು 2 ಕಿಲೋಮೀಟರ್ ನಡೆಯಬೇಕು. "ಮೂರೂವರೆಗೆ ಇದೇ ಗೇಟಿಗೆ ಬನ್ನಿ, ಬಸ್ಸು ಕಾಯುವುದಿಲ್ಲ" ಅಂದರು. ಅಂದರೆ ನಮ್ಮ ಎರಡು ಗಂಟೆಯಲ್ಲಿ ನಾಲ್ಕು ಕಿಲೋಮೀಟರ್ ಬರೀ ಹೋಗಿ ಬರುವುದಕ್ಕೇ. ಮಂಡಿ ನೋವಿನವರಿಗೆ ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ? ಬುಕ್ ಮಾಡುವಾಗ ಅಮ್ಮ ನನ್ನ ಪಕ್ಕದಲ್ಲೇ ಕೋಲು ಹಿಡಿದು ನಿಂತಿದ್ದರು.

ಆ ಎರಡು ಕಿಲೋಮೀಟರ್ ನೋಡಲೇಬೇಕಾದ ದಾರಿ, ಅದೇ ಹೊಟ್ಟೆ ಉರಿಯುವುದು. ಇದು ಹೈರಾಪೊಲಿಸ್ ಎಂಬ ಹಳೆಯ ಪಟ್ಟಣದ ಸ್ಮಶಾನ. ಸಾವಿರಕ್ಕೂ ಜಾಸ್ತಿ ಗೋರಿಗಳಿವೆ. ಗುಡ್ಡದಂತೆ ಗುಂಡಗಿನವು, ಮನೆಯಂಥವು, ಕಲ್ಲಿನ ಪೆಟ್ಟಿಗೆಗಳು. ಫ್ಲಾವಿಯಸ್ ಜ್ಯೂಕ್ಸಿಸ್ ಎಂಬ ವ್ಯಾಪಾರಿಯ ಗೋರಿ ಪಟ್ಟಣದ ಹೆಬ್ಬಾಗಿಲ ಹತ್ತಿರವೇ ಇದೆ. ಗ್ರೀಸಿನ ತುದಿಯ ಅಪಾಯದ ಭೂಶಿರ ಸುತ್ತಿಕೊಂಡು 72 ಸಲ ಇಟಲಿಗೆ ಹಡಗಿನಲ್ಲಿ ಹೋದೆ ಎಂದು ಅದರ ಮೇಲೆ ಕೆತ್ತಿಸಿದ್ದಾರೆ. ಬದುಕಿನಲ್ಲಿ ಮಾಡಿದ ಪ್ರಯಾಣಗಳನ್ನು ಎಣಿಸಿಟ್ಟುಕೊಂಡ ಮನುಷ್ಯ. ಅದರ ಮುಂದೆ ಹತ್ತು ನಿಮಿಷ ನಿಲ್ಲಬೇಕೆಂದು ನಾನು ಓದಿಕೊಂಡು ಹೋಗಿದ್ದೆ. ಕತ್ತು ತಿರುಗಿಸಿ ನೋಡಿಕೊಂಡು ಮುಂದೆ ಹೋದೆ. ಗೈಡು ಕೈಗಡಿಯಾರ ತಟ್ಟುತ್ತಾ ಮುಂದೆ ನಡೆಯುತ್ತಿದ್ದರು.

ಆ ದಾರಿಯಲ್ಲಿ ನೆರಳಿಲ್ಲ. ಮೊಬೈಲು 38 ಡಿಗ್ರಿ ತೋರಿಸುತ್ತಿತ್ತು. ಕಲ್ಲು ಹಾಸಿದ ಬೀದಿ ಕೆಳಗಿನಿಂದಲೂ ಸುಡುತ್ತದೆ. ಹೆಬ್ಬಾಗಿಲು ದಾಟಿದ ಮೇಲೆ ಅಮ್ಮ ಮಾತು ನಿಲ್ಲಿಸಿದರು. ನೋಡಿದರೆ ಮುಖ ಕೆಂಪಾಗಿದೆ, ಕೈ ಮುಟ್ಟಿದರೆ ತಣ್ಣಗಿದೆ. ಬಿದ್ದಿದ್ದ ಒಂದು ಕಂಬದ ಮೇಲೆ ಕೂರಿಸಿದೆ. "ನೀನು ಹೋಗಿ ನೋಡ್ಕೊಂಡು ಬಾ ಪುಟ್ಟಿ, ನಾನು ಇಲ್ಲೇ ಕೂತಿರ್ತೀನಿ" ಅಂದರು. ಬಾಟಲಿಯಲ್ಲಿ ನೀರು ಮುಗಿದಿತ್ತು. ನಮ್ಮ ಗುಂಪು ಆಗಲೇ ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿತ್ತು.

ನಮಗೆ ಸಹಾಯ ಮಾಡಿದ್ದು ಟರ್ಕಿಯದೇ ಒಂದು ಕುಟುಂಬ. ನಲವತ್ತು ದಾಟಿದ ಹೆಂಗಸು ತನ್ನ ಚೀಲದಿಂದ ತಣ್ಣನೆಯ ಅಯ್ರಾನ್ ಲೋಟ ತೆಗೆದು, ಮೇಲಿನ ಹಾಳೆ ಕಿತ್ತು, "ತೇಯ್ಜೆ, ತೇಯ್ಜೆ" ಎನ್ನುತ್ತಾ ತಾನೇ ಅಮ್ಮನ ಬಾಯಿಗೆ ಹಿಡಿದಳು. ಅವರ ಭಾಷೆಯಲ್ಲಿ ಅದು ಚಿಕ್ಕಮ್ಮ, ದೊಡ್ಡಮ್ಮ ಅಂದ ಹಾಗೆ. ಎರಡು ಗುಟುಕು ಕುಡಿದ ಅಮ್ಮ ಕಣ್ಣು ಬಿಟ್ಟು, "ಮಜ್ಜಿಗೆ ಕಣೇ, ಉಪ್ಪು ಹಾಕಿದಾರೆ" ಅಂದರು. ನನಗೆ ಅಳು ಬಂದುಬಿಟ್ಟಿತು. ಆಕೆಯ ಗಂಡ ಓಡಿಹೋಗಿ ಬಾಡಿಗೆಯ ಬ್ಯಾಟರಿ ಗಾಡಿ ಕರೆತಂದರು. ಅಂಥ ಗಾಡಿ ಒಳಗೆ ಸಿಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ನೀರಿನ ಹತ್ತಿರ ಮುಟ್ಟಿದಾಗ ಎರಡೂ ಮುಕ್ಕಾಲು.

ಆ ಬಿಳಿ ಬಣ್ಣ ಏನು ಗೊತ್ತಾ? ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಚಕ್ಕೆ ಕಟ್ಟುತ್ತದಲ್ಲ, ಅದೇ. ಭೂಮಿಯೊಳಗಿನ ಬಿಸಿನೀರು ಸುಣ್ಣದ ಅಂಶ ಹೊತ್ತು ಮೇಲೆ ಬರುತ್ತದೆ. ಹೊರಗೆ ಬಂದ ಕೂಡಲೇ ಅದರೊಳಗಿನ ಗ್ಯಾಸು ಹಾರಿಹೋಗುತ್ತದೆ, ಸುಣ್ಣ ಕೆಳಗೆ ಕೂರುತ್ತದೆ. ಮೊದಲು ಲೋಳೆಯಂತಿದ್ದು ಆಮೇಲೆ ಕಲ್ಲಾಗುತ್ತದೆ. ಅದಕ್ಕೇ ಅಲ್ಲಿ ಚಪ್ಪಲಿ ಹಾಕಿಕೊಂಡು ನಡೆಯಲು ಬಿಡುವುದಿಲ್ಲ. ಬಿಡಬಾರದು ಕೂಡ. ಪಮುಕ್ಕಲೆ ಅಂದರೆ ಟರ್ಕಿ ಭಾಷೆಯಲ್ಲಿ ಹತ್ತಿಯ ಕೋಟೆ, ಆದರೆ ಕಾಲಿಗೆ ಅದು ಹತ್ತಿಯಲ್ಲ. ಹೊಸದಾಗಿ ಉಳಿ ಹೊಡೆಸಿದ ರುಬ್ಬುವ ಕಲ್ಲಿನ ಮೇಲೆ ನಡೆದ ಹಾಗೆ. ಸಣ್ಣ ಸಣ್ಣ ಏಣುಗಳು ಅಂಗಾಲಿಗೆ ಒತ್ತುತ್ತವೆ. ನೀರು ನಿಂತ ಕಡೆ ತಳದಲ್ಲಿ ನುಣ್ಣನೆಯ ಕೆಸರು, ಜಾರುತ್ತದೆ. ಅಮ್ಮ ನನ್ನ ಭುಜ ಹಿಡಿದು ಹತ್ತು ಹೆಜ್ಜೆ ಇಟ್ಟರು. ಆಮೇಲೆ ಪಕ್ಕದ ಕಾಲುವೆಯ ಅಂಚಿನಲ್ಲಿ ಕೂತು ಬೆಚ್ಚನೆಯ ನೀರಿಗೆ ಕಾಲು ಇಳಿಬಿಟ್ಟರು. ಅವರಿಗೆ ಸಿಕ್ಕಿದ್ದು ಅಷ್ಟೇ. ಹತ್ತು ನಿಮಿಷವೂ ಇರಲಿಲ್ಲ.

ಫೋಟೋ ನೋಡಿ ಹೋಗುವವರಿಗೆ ಇನ್ನೊಂದು ಮಾತು. ಎಲ್ಲ ಮೆಟ್ಟಿಲುಗಳಲ್ಲೂ ನೀರು ಇರುವುದಿಲ್ಲ. ಹಿಂದೆ ಬೆಟ್ಟದ ಮೇಲೆ ಹೋಟೆಲುಗಳನ್ನು ಕಟ್ಟಿ, ಈ ನೀರನ್ನು ತಮ್ಮ ಕೊಳಗಳಿಗೆ ಎಳೆದುಕೊಂಡು, ಬಿಳಿ ಬಂಡೆಯ ಮೇಲೆಯೇ ರಸ್ತೆ ಮಾಡಿದ್ದರು. 1988ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಆ ಹೋಟೆಲುಗಳನ್ನು ಒಡೆದು ಹಾಕಿದರು. ಈಗ ನಾವು ಕಾಲಿಡುವ ಕೊಳಗಳು ಆ ಹಳೆಯ ರಸ್ತೆಯ ಮೇಲೆ ಮಾಡಿದವು. ಉಳಿದ ಕಡೆ ಸರದಿಯ ಮೇಲೆ ನೀರು ಬಿಡುತ್ತಾರೆ. ಇದು ಒಳ್ಳೆಯ ಕೆಲಸ, ಬಂಡೆ ಉಳಿಯಬೇಕಾದರೆ ಹಾಗೇ ಮಾಡಬೇಕು. ಆದರೆ ಪ್ರವಾಸ ಮಾರುವವರ ಗೋಡೆಯ ಮೇಲೆ ಇರುವ ಚಿತ್ರದಲ್ಲಿ ಎಲ್ಲವೂ ತುಂಬಿ ತುಳುಕುತ್ತಿರುತ್ತದೆ.

ಇನ್ನು ಅಮ್ಮ ಬಟ್ಟೆ ತಂದಿದ್ದ ಕೊಳ. ಪುರಾತನ ಕೊಳ ಅಂತ, ಕ್ಲಿಯೋಪಾತ್ರಳ ಹೆಸರಿನಿಂದಲೂ ಕರೆಯುತ್ತಾರೆ. 36 ಡಿಗ್ರಿಯ ನೀರು, ತಳದಲ್ಲಿ ಭೂಕಂಪಕ್ಕೆ ಉರುಳಿದ ಅಮೃತಶಿಲೆಯ ಕಂಬಗಳು, ಅವುಗಳ ಮೇಲೆ ಕೂತು ಜನ ಸ್ನಾನ ಮಾಡುತ್ತಾರೆ. "ಎಲ್ಲ ಸೇರಿ" ಅಂದಿದ್ದರಲ್ಲಿ ಇದು ಸೇರಿರಲಿಲ್ಲ. ಬೇರೆ ಟಿಕೆಟ್ಟು, ಬೇರೆ ಸಾಲು. ದುಡ್ಡು ಕೊಡಲು ನಾನು ಸಿದ್ಧವಿದ್ದೆ. ಸಮಯ ಇರಲಿಲ್ಲ. ಅಮ್ಮ ಬೇಲಿಯಾಚೆಯಿಂದ ನೋಡಿದರು. ನೀರಿನೊಳಗಿನ ಒಂದು ಕಂಬದ ಗೀರುಗಳ ಉದ್ದಕ್ಕೂ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. "ಸೋಡಾ ಥರ ಇದೆ ನೋಡು" ಅಂದರು. ಟವೆಲ್ಲು ಮಡಿಸಿದ ಹಾಗೇ ವಾಪಸ್ ಬಂತು.

ನಾವು ನೋಡದೇ ಬಂದದ್ದು ಇನ್ನೂ ಇದೆ. ಹತ್ತು ಸಾವಿರಕ್ಕೂ ಜಾಸ್ತಿ ಜನ ಕೂರಬಹುದಾಗಿದ್ದ ರೋಮನ್ ರಂಗಮಂದಿರ. ರೋಮನ್ನರ ಸ್ನಾನಗೃಹದೊಳಗೇ ಮಾಡಿರುವ ಮ್ಯೂಸಿಯಂ. ಪಾತಾಳದ ಬಾಗಿಲು ಎಂದು ಆ ಕಾಲದವರು ನಂಬಿದ್ದ ಗವಿ, ಪ್ಲುಟೋನಿಯನ್. ಅಲ್ಲಿ ನೆಲದಿಂದ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಗುಬ್ಬಚ್ಚಿಗಳನ್ನು ಒಳಗೆ ಎಸೆದೆ, ಕೂಡಲೇ ಸತ್ತು ಬಿದ್ದವು ಎಂದು ಎರಡು ಸಾವಿರ ವರ್ಷದ ಹಿಂದೆಯೇ ಸ್ಟ್ರಾಬೋ ಎಂಬ ಗ್ರೀಕ್ ಭೂಗೋಳಕಾರ ಬರೆದಿಟ್ಟಿದ್ದಾನೆ. ಕೊಳದಲ್ಲಿ ಗುಳ್ಳೆಯಾಗಿ ಏಳುವುದೂ, ಸುಣ್ಣವನ್ನು ಬಂಡೆಯ ಮೇಲೆ ಕೂರಿಸಿ ಹಾರಿಹೋಗುವುದೂ ಇದೇ ಗಾಳಿ. ಆ ಊರಿನ ಕಥೆಯೆಲ್ಲ ಅದರಲ್ಲೇ ಇದೆ. ಗೈಡು ಅದರ ಹೆಸರನ್ನೂ ಎತ್ತಲಿಲ್ಲ. ವಾಪಸ್ ಹೋಗುವಾಗ ಮಾತ್ರ ಸಿಹಿತಿಂಡಿ ಅಂಗಡಿಯಲ್ಲಿ ಇನ್ನೊಂದು ಅರ್ಧ ಗಂಟೆ ನಿಲ್ಲಿಸಲು ಸಮಯವಿತ್ತು.

ಮರುದಿನ ಬುಕ್ ಮಾಡಿದ ಅಂಗಡಿಗೇ ಹೋಗಿ ಕೇಳಿದೆ. ರಸೀದಿಯ ಹಿಂಬದಿ ತೋರಿಸಿದರು. ಸಣ್ಣ ಅಕ್ಷರದಲ್ಲಿ "ಸಮಯ ಕಾರ್ಯಕ್ರಮಕ್ಕೆ ತಕ್ಕಂತೆ" ಎಂದಿತ್ತು. ಒಂದು ಲೀರಾ ಕೂಡ ವಾಪಸ್ ಸಿಗಲಿಲ್ಲ.

ಹಾಗಾದರೆ ಹೇಗೆ ಹೋಗಬೇಕು? ಒಂದು ರಾತ್ರಿ ಅಲ್ಲೇ ಉಳಿಯಿರಿ. ಅಂಟಾಲ್ಯದಿಂದ ಡೆನಿಜ್ಲಿಗೆ ಸಾಮಾನ್ಯ ಬಸ್ಸುಗಳಿವೆ. ಡೆನಿಜ್ಲಿ ಬಸ್ ನಿಲ್ದಾಣದಿಂದ ಪಮುಕ್ಕಲೆ ಊರು ಸುಮಾರು 20 ಕಿಲೋಮೀಟರ್, ಡೊಲ್ಮುಶ್ ಎನ್ನುವ ಚಿಕ್ಕ ವ್ಯಾನುಗಳು ಓಡಾಡುತ್ತವೆ. ಬೆಟ್ಟದ ಬುಡದಲ್ಲೇ ಸಣ್ಣ ವಸತಿಗಳಿವೆ. ಹತ್ತಿರದ ಕಾರಾಹಯಿತ್‌ನಲ್ಲಿ ಕಬ್ಬಿಣದ ಅಂಶದಿಂದ ಕೆಂಪಾದ ಬಿಸಿನೀರಿನ ಬುಗ್ಗೆ ಇದೆ. ಅಲ್ಲಿನ ಹೋಟೆಲುಗಳ ಕೊಳಕ್ಕೇ ಆ ನೀರು ಬರುತ್ತದೆ. ವಯಸ್ಸಾದವರಿಗೆ ಅದೇ ಸಲೀಸು. ಬೇಸಿಗೆಯಲ್ಲಿ ಬಿಸಿಲು ಇಳಿದ ಮೇಲೆ ದಕ್ಷಿಣದ ಗೇಟಿನಿಂದ ಒಳಗೆ ಹೋಗಿ. ನಾವು ಮೂರೂವರೆಗೆ ಬಸ್ಸಿನತ್ತ ಹೋಗುವಾಗ ಅಲ್ಲೇ ಉಳಿದುಕೊಂಡಿದ್ದವರು ಟೋಪಿ ಹಾಕಿಕೊಂಡು ಆರಾಮಾಗಿ ಒಳಗೆ ಬರುತ್ತಿದ್ದರು.

ಒಂದೇ ದಿನ ಇರುವುದು, ಪ್ರವಾಸದ ಬಸ್ಸಿನಲ್ಲೇ ಹೋಗಬೇಕು ಅನ್ನುವವರು ದುಡ್ಡು ಕೊಡುವ ಮೊದಲು ಬಾಯಿಬಿಟ್ಟು ಕೇಳಿ. ಯಾವ ಗೇಟಿನಲ್ಲಿ ಇಳಿಸುತ್ತೀರಿ? ಒಳಗೆ ಎಷ್ಟು ಗಂಟೆ? ಪುರಾತನ ಕೊಳದ ಟಿಕೆಟ್ಟು ಸೇರಿದೆಯಾ? ಎಷ್ಟು ಅಂಗಡಿಗೆ ಕರೆದುಕೊಂಡು ಹೋಗುತ್ತೀರಿ? ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಎದ್ದು ಬನ್ನಿ. ಒಬ್ಬೊಬ್ಬರಿಗೂ ಎರಡು ಬಾಟಲಿ ನೀರು, ಟೋಪಿ, ಬಿಚ್ಚಿದ ಚಪ್ಪಲಿ ಇಟ್ಟುಕೊಳ್ಳಲು ಒಂದು ಚೀಲ ಬೇಕೇ ಬೇಕು. ಬಿಪಿ, ಹೃದಯದ ತೊಂದರೆ ಇರುವವರು ಬಿಸಿನೀರಿಗೆ ಇಳಿಯುವ ಮೊದಲು ತಮ್ಮ ಡಾಕ್ಟರನ್ನು ಕೇಳಿಕೊಂಡೇ ಹೊರಡಿ. ನಡೆಯಲು ಕಷ್ಟ ಇರುವವರಿಗೆ ಗೇಟಿನ ಹತ್ತಿರವೇ ಬ್ಯಾಟರಿ ಗಾಡಿ ಮಾಡಿಸಿ, ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಅಮ್ಮ ಈಗ ಚೆನ್ನಾಗಿದ್ದಾರೆ. ಆ ಬಟ್ಟೆ ಇನ್ನೂ ಬೆಲೆಯ ಚೀಟಿಯ ಸಮೇತ ಬೀರುವಿನಲ್ಲಿದೆ. ಬರುವ ವರ್ಷ ಏಪ್ರಿಲ್‌ನಲ್ಲಿ ಮತ್ತೆ ಹೋಗೋಣ, ಈ ಸಲ ಎರಡು ರಾತ್ರಿ ಅಲ್ಲೇ ಇರೋಣ ಎಂದು ಅವರಿಗೆ ಹೇಳಿದ್ದೇನೆ.