ಶಾಕುಹಾಚಿಗೆ ಬೆರಳಿಡೋದು: ತುದಿಯಾ, ಮೆತ್ತಗಿನ ಭಾಗವಾ, ಗೆಣ್ಣಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಶಾಕುಹಾಚಿ ಅನ್ನೋ ಜಪಾನಿ ಬಿದಿರು ಕೊಳಲಿನ ಪಂಡಿತ ಅಲ್ಲ. ಜಪಾನಿನ ಕವಾಸಾಕಿಗೆ ಕೆಲಸಕ್ಕೆ ಬಂದು ನಾಲ್ಕು ವರ್ಷ, ಅದರಲ್ಲಿ ಎರಡು ವರ್ಷ ವಾರಕ್ಕೊಂದು ಪಾಠ, ಅಷ್ಟೇ. ಆದರೆ ಶಿವಮೊಗ್ಗದಲ್ಲಿ ಹೈಸ್ಕೂಲಿನಿಂದ ಕರ್ನಾಟಕ ಕೊಳಲು ನುಡಿಸಿದವನು, ಹಾಗಾಗಿ ಬೆರಳಿನ ವಿಷಯದಲ್ಲಿ ಸ್ವಲ್ಪ ಕೊಬ್ಬಿತ್ತು. ಊದೋದು ಕಷ್ಟ ಇರಬಹುದು, ಬೆರಳು ಏನು ಮಹಾ, ನಮ್ಮದರಲ್ಲಿ ಎಂಟು ತೂತು, ಇದರಲ್ಲಿ ಬರೀ ಐದು ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ. ನಾದ ಎರಡನೇ ವಾರಕ್ಕೇ ಬಂತು. ಕೈ ಸರಿಹೋಗೋಕೆ ಒಂದು ವರ್ಷ ಹಿಡಿಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಶಾಕುಹಾಚಿಯ ಮಾಮೂಲಿ ಉದ್ದ ಒಂದು ಶಾಕು ಎಂಟು ಸುನ್ (ಜಪಾನಿನ ಹಳೇ ಅಳತೆ, ಚಿಕ್ಕದಾಗಿ 1.8), ನಮ್ಮ ಲೆಕ್ಕದಲ್ಲಿ ಸುಮಾರು 54.5 ಸೆಂ.ಮೀ. ಉದ್ದವೇ ಅದರ ಹೆಸರು. ಬೇರಿನ ಹತ್ತಿರದ ದಪ್ಪ ಬಿದಿರು. ಮೇಲಿನ ತುದಿಯನ್ನು ಗದ್ದಕ್ಕೆ ಆನಿಸಿ, ಓರೆಯಾಗಿ ಕೊಯ್ದ ಅಂಚಿನ ಮೇಲೆ ಊದಬೇಕು. ಮುಂದೆ ನಾಲ್ಕು ತೂತು, ಹಿಂದೆ ಮೇಲಿನ ಕೈಯ ಹೆಬ್ಬೆರಳಿಗೆ ಒಂದು. ಎಲ್ಲ ಮುಚ್ಚಿದರೆ ಪಾಶ್ಚಾತ್ಯ ಲೆಕ್ಕದ ಡಿ ಸ್ವರ. ಐದು ಮೂಲ ಸ್ವರಗಳನ್ನು ಸಾಲಾಗಿ ನುಡಿಸಿದರೆ ಸ ಗ ಮ ಪ ನಿ, ಅಂದರೆ ನಮ್ಮ ಶುದ್ಧ ಧನ್ಯಾಸಿ ರಾಗ! ಮೊದಲ ದಿನ ಇದು ಗೊತ್ತಾಗಿ ಸಿಕ್ಕಾಪಟ್ಟೆ ಖುಷಿಪಟ್ಟಿದ್ದೆ. ಸೆನ್ಸೇ, ಅಂದರೆ ನಮ್ಮ ಮೇಷ್ಟ್ರು, ಸುಮ್ನೆ ನಕ್ಕರು.

ನಾನು ಹೋಲಿಸಿ ನೋಡಿದ್ದು ಮೂರು ಹಿಡಿತ. ಒಂದು, ಬೆರಳು ಬಾಗಿಸಿ ತುದಿಯಿಂದ ಮುಚ್ಚೋದು. ಎರಡು, ಬೆರಳನ್ನು ಸ್ವಲ್ಪ ಚಪ್ಪಟೆ ಮಾಡಿ ಉಗುರಿನ ಹಿಂಬದಿಯ ಮೆತ್ತಗಿನ ಭಾಗದಿಂದ ಮುಚ್ಚೋದು. ಮೂರು, ಬೆರಳು ಪೂರ್ತಿ ಚಾಚಿ ಒಂದನೇ ಮತ್ತು ಎರಡನೇ ಗೆಣ್ಣಿನ ನಡುವಿನ ಭಾಗದಿಂದ ಮುಚ್ಚೋದು. (ಬಿದಿರಿಗೂ ಗೆಣ್ಣು, ಬೆರಳಿಗೂ ಗೆಣ್ಣು. ಕನ್ನಡದಲ್ಲಿ ಕಲಿತರೆ ಇದೊಂದು ಲಾಭ.) ಉದ್ದದ ಬಾನ್ಸುರಿ ನುಡಿಸುವವರ ಕೈ ನೋಡಿದ್ದರೆ ಮೂರನೆಯದು ತಟ್ಟನೆ ಅರ್ಥ ಆಗುತ್ತದೆ.

ತುದಿಬೆರಳು ನನಗೆ ಮೊದಲೇ ರೂಢಿ ಇತ್ತು, ಆದ್ದರಿಂದ ಅದನ್ನೇ ಮೂರು ತಿಂಗಳು ಹಟದಿಂದ ಹಿಡಿದೆ. ಚಿಕ್ಕ ಕೊಳಲಿನ ಚಿಕ್ಕ ತೂತಿಗೆ ಅದು ಸರಿ. ಇಲ್ಲಿ ತೂತು ಸುಮಾರು 10 ಮಿ.ಮೀ. ಅಗಲ. ಎಲ್ಲ ಮುಚ್ಚಿ ಊದುವ ಸ್ವರಕ್ಕೆ 'ರೋ' ಅನ್ನುತ್ತಾರೆ. ನನ್ನ ರೋ ಹತ್ತು ಸಲದಲ್ಲಿ ಆರು ಸಲ ಪುಸ್ ಅಂತ ಸತ್ತು ಹೋಗುತ್ತಿತ್ತು. ಉಸಿರಿನ ತಪ್ಪು ಅಂದುಕೊಂಡು ಉಸಿರನ್ನೇ ಬೈದುಕೊಂಡೆ. ಒಂದು ದಿನ ಸೆನ್ಸೇ ನುಡಿಸೋದು ನಿಲ್ಲಿಸಿ ಬೆರಳು ತೋರಿಸು ಅಂದರು. ಅಂಗೈ ಮೇಲೆ ಮಾಡಿ ಚಾಚಿದೆ. ಪ್ರತಿ ಬೆರಳಿನ ಮೇಲೂ ತೂತಿನ ಅಂಚು ಒತ್ತಿದ ಕೆಂಪು ಉಂಗುರ. ಎರಡು ತೋರುಬೆರಳಲ್ಲಿ ಪೂರ್ತಿ ದುಂಡಗೆ. ಬಲಗೈ ಉಂಗುರ ಬೆರಳಲ್ಲಿ ಮಾತ್ರ ಅರ್ಧಚಂದ್ರ, ಉಳಿದರ್ಧ ಉಗುರಿನ ಆಚೆ ಗಾಳಿಯಲ್ಲಿ! ಉಸಿರಿನದ್ದೇನೂ ತಪ್ಪಿರಲಿಲ್ಲ. ಈಗಲೂ ಅನುಮಾನ ಬಂದರೆ ಒಂದು ನಿಮಿಷ ರೋ ಊದಿ ಉಂಗುರ ನೋಡಿಕೊಳ್ಳುತ್ತೇನೆ, ಕನ್ನಡಿಗಿಂತ, ಫೋನಿನ ವಿಡಿಯೋಗಿಂತ ಇದು ಜಾಸ್ತಿ ನಿಜ ಹೇಳುತ್ತದೆ.

ಎರಡನೇ ಹಿಡಿತಕ್ಕೆ ಬಂದ ಮೇಲೆ ಸೋರಿಕೆ ಒಂದು ವಾರದಲ್ಲಿ ನಿಂತಿತು. ಆದರೆ ಇನ್ನೊಂದು ತೊಂದರೆ ಆಗ ಕಾಣಿಸಿತು, ಅದು ಕೊಳಲಿನವರಿಗೇ ಬರುವ ರೋಗ. ನಮ್ಮ ಕೊಳಲಲ್ಲಿ ನಡುಬೆರಳಿಗೆ ತೂತು ಇದೆ, ಎಡ ಹೆಬ್ಬೆರಳಿಗೆ ಇಲ್ಲ. ಆ ಹೆಬ್ಬೆರಳು ಕೆಳಗಿನಿಂದ ಆಸರೆ ಕೊಟ್ಟರೆ ಸಾಕು. ಶಾಕುಹಾಚಿಯಲ್ಲಿ ತಿರುವುಮುರುವು. ಹೆಬ್ಬೆರಳು ತೂತು ಮುಚ್ಚುತ್ತದೆ, ಎರಡೂ ನಡುಬೆರಳಿಗೆ ತೂತೇ ಇಲ್ಲ, ತೂತುಗಳ ನಡುವೆ ಬಿದಿರನ್ನು ಒತ್ತಿಕೊಂಡು ಕೂತಿರಬೇಕು. ವಾದ್ಯ ಹಿಡಿಯೋರು ಯಾರು ಅಂದರೆ ಆ ಎರಡು ನಡುಬೆರಳು, ಕೆಳಗಿನ ಕೈಯ ಹೆಬ್ಬೆರಳು, ಮತ್ತೆ ಗದ್ದ. ಇಷ್ಟೇ. ನನ್ನ ನಡುಬೆರಳಿಗೆ ಸುಮ್ಮನೆ ಕೂರೋಕೆ ಬರೋದಿಲ್ಲ. ಏನೋ ನುಡಿಸುವ ಜೋರಿನಲ್ಲಿ ಎಡ ಹೆಬ್ಬೆರಳು, ಎಡ ನಡುಬೆರಳು ಎರಡೂ ಒಟ್ಟಿಗೆ ಎದ್ದವು, ವಾದ್ಯ ಮುಂದಕ್ಕೆ ವಾಲಿತು, ಹಿಡಿಯೋಕೆ ಹೋಗಿ ಮೇಲಿನ ಅಂಚನ್ನು ಸೀದಾ ಹಲ್ಲಿಗೆ ಬಡಿದುಕೊಂಡೆ. ಪುಣ್ಯಕ್ಕೆ ಪ್ಲಾಸ್ಟಿಕ್ಕಿನದು.

ಸೆನ್ಸೇ ಕೊಟ್ಟ ಪರೀಕ್ಷೆ ಇದು: ವಾದ್ಯವನ್ನು ಗದ್ದಕ್ಕೆ ಇಟ್ಟು, ತೂತು ಮುಚ್ಚುವ ಐದೂ ಬೆರಳು ಎತ್ತು. ಅಲ್ಲಾಡದೆ ನಿಂತರೆ ಹಿಡಿತ ಸರಿ. ಅವರು ಬಂದು ಕೆಳತುದಿಯನ್ನು ಒಂದು ಬೆರಳಿಂದ ಮೆಲ್ಲಗೆ ತಳ್ಳಿ ನೋಡುತ್ತಾರೆ. ತುದಿಬೆರಳಿನ ಹಿಡಿತದಲ್ಲಿ ನಾನು ಪ್ರತಿ ಸಲ ಫೇಲ್, ಯಾಕೆಂದರೆ ಎಲ್ಲ ಬೆರಳು ಬಾಗಿದಾಗ ನಡುಬೆರಳೂ ಬಾಗಿ ತುದಿಯಲ್ಲಿ ನಿಲ್ಲುತ್ತದೆ, ಬಲ ಇರೋದಿಲ್ಲ. ಚಪ್ಪಟೆ ಮಾಡಿದರೆ ಅದು ಬಿದಿರಿಗೆ ಅಂಟಿದ ಹಾಗೆ ಕೂರುತ್ತದೆ.

ಈ ಸ್ಥಿರತೆ ಯಾಕೆ ಬೇಕು ಅಂದರೆ, ಇಲ್ಲಿ ತಲೆಯೂ ಆಡುತ್ತದೆ. ಗದ್ದ ತಗ್ಗಿಸಿದರೆ ಸ್ವರ ಇಳಿಯುತ್ತದೆ, ಅದು ಮೆರಿ. ಎತ್ತಿದರೆ ಏರುತ್ತದೆ, ಅದು ಕಾರಿ. ತಲೆ ಆಡಿಸೋಕೆ ಮೂರು ವರ್ಷ, ಕೊರೊಕೊರೊ ಅನ್ನೋ ಬೆರಳಿನ ಆಟಕ್ಕೆ ಎಂಟು ವರ್ಷ ಅಂತ ಜಪಾನಿನಲ್ಲಿ ಒಂದು ಹಳೇ ಮಾತೇ ಇದೆ. ತಲೆಯ ಜೊತೆ ವಾದ್ಯವೂ ಓಲಾಡಿದರೆ ಮೆರಿ ಬರೋದೇ ಇಲ್ಲ. ಜೊತೆಗೆ ಹಳೇ ಪದ್ಧತಿಯಲ್ಲಿ ನಾಲಿಗೆಯಿಂದ ಸ್ವರ ಬಿಡಿಸುವ ತುತ್ತುಕಾರ ಇಲ್ಲ, ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಬೆರಳಿಂದ ತೂತಿಗೆ ಒಂದು ಏಟು. ಆ ಏಟು ಚಪ್ಪಟೆ ಬೆರಳಲ್ಲಿ 'ಟಪ್' ಅಂತ ಚೊಕ್ಕವಾಗಿ ಬೀಳುತ್ತದೆ. ತುದಿಬೆರಳಲ್ಲಿ ತೂತು ಹುಡುಕಿಕೊಂಡು ಬೀಳುತ್ತದೆ, ಅಷ್ಟರಲ್ಲಿ ತಡ ಆಗಿರುತ್ತದೆ.

ಮೂರನೇ ಹಿಡಿತವನ್ನು ಇದೇ 1.8ರಲ್ಲಿ ಎರಡು ವಾರ ನೋಡಿ ಬಿಟ್ಟೆ. ಸೋರೋದಿಲ್ಲ, ನಿಜ. ಆದರೆ 'ತ್ಸು ಮೆರಿ' ಅಂತ ಒಂದು ಸ್ವರ ಇದೆ, ಡಿಯನ್ನು ಸ ಅಂದುಕೊಂಡರೆ ಅದು ನಮ್ಮ ಶುದ್ಧ ರಿಷಭ. ಗದ್ದ ತಗ್ಗಿಸಿ, ಕೆಳಗಿನ ತೂತನ್ನು ಅರೆ ತೆರೆದು ತೆಗೆಯಬೇಕು. ಗೆಣ್ಣಿನ ಹತ್ತಿರದ ಚರ್ಮಕ್ಕೆ ಎಷ್ಟು ತೆರೆದಿದೆ ಅನ್ನೋದೇ ಗೊತ್ತಾಗೋದಿಲ್ಲ, ಕೈಗವಸು ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. ಮೆತ್ತಗಿನ ಭಾಗದಲ್ಲಿ ಅದೇ ಸ್ವರ ನಿಧಾನಕ್ಕೆ ಹೊರಳಿಸಿ ತೆಗೆಯಬಹುದು, ಸುಮಾರಾಗಿ ಗಮಕವೇ.

ಹಾಗಂತ ಮೂರನೆಯದು ವೇಸ್ಟ್ ಅಂತ ಬರೆಯೋಕೆ ಕೂತಿದ್ದೆ. ಅಷ್ಟರಲ್ಲಿ ಸೆನ್ಸೇ ತಮ್ಮ 2.4ರ ವಾದ್ಯ ಎರಡು ತಿಂಗಳಿಗೆ ಕೊಟ್ಟರು. ಸುಮಾರು 73 ಸೆಂ.ಮೀ., ಶ್ರುತಿ ಎ. ಹಳೇ ಲೆಕ್ಕದಲ್ಲಿ ವಾದ್ಯದ ಉದ್ದವನ್ನು ಹತ್ತು ಪಾಲು ಮಾಡಿ, ಕೆಳಗಿನಿಂದ ಎರಡನೇ ಪಾಲಿಗೆ ಮೊದಲ ತೂತು, ಆಮೇಲೆ ಮುಂದಿನ ಬದಿಯ ತೂತುಗಳು ಪಾಲಿಗೊಂದು. ಅಂದರೆ 1.8ರಲ್ಲಿ ತೂತಿಂದ ತೂತಿಗೆ ಐದೂವರೆ ಸೆಂ.ಮೀ. ಇದ್ದದ್ದು ಇದರಲ್ಲಿ ಏಳರ ಮೇಲೆ ಹೋಗುತ್ತದೆ. ನನ್ನ ಕೈ ದೊಡ್ಡದೇನಲ್ಲ. ತುದಿಬೆರಳಿಂದ ಉಂಗುರ ಬೆರಳಿನ ತೂತು ಮುಟ್ಟೋಕೆ ಹೋದರೆ ಮಣಿಕಟ್ಟು ಸೊಟ್ಟಗಾಗಿ ಹತ್ತೇ ನಿಮಿಷಕ್ಕೆ ಸೆಳೆತ. ಇಲ್ಲಿ ಬೇರೆ ದಾರಿ ಇಲ್ಲ, ಅಂಗೈ ಒಳಗೆ ತಂದು ತೋರುಬೆರಳನ್ನು ಗೆಣ್ಣಿನ ಹತ್ತಿರ ಇಟ್ಟೆ, ಆಗ ಉಂಗುರ ಬೆರಳು ತಾನಾಗಿ ಕೆಳಗಿಳಿದು ತೂತಿಗೆ ಸಿಕ್ಕಿತು. ತೋರುಬೆರಳು ಗೆಣ್ಣಿನಲ್ಲಿ, ಉಂಗುರ ಬೆರಳು ಮೆತ್ತಗಿನ ಭಾಗದಲ್ಲಿ, ಅಂದರೆ ಎರಡೂ ಹಿಡಿತದ ಬೆರಕೆ. ಮೆರಿಯ ಕೆಲಸ ಉಂಗುರ ಬೆರಳಿಗೇ ಬರೋದರಿಂದ ಅಲ್ಲೂ ನಷ್ಟ ಆಗಲಿಲ್ಲ.

ಯಾವ ಕೈ ಮೇಲೆ ಅನ್ನೋದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಡಗೈ ಮೇಲೆ ಇಡೋದು ಹೆಚ್ಚು ಬಳಕೆ, ಬಲಗೈ ಮೇಲಿಟ್ಟರೂ ತಪ್ಪಲ್ಲ. ಮೂರು ವಾರ ಅದಲುಬದಲು ಮಾಡಿದೆ, ಬಲಗೈಯ ಹೆಬ್ಬೆರಳು ದಡ್ಡ ಅಂತ ಗೊತ್ತಾಯಿತು, ವಾಪಸ್ ಬಂದೆ. ಕೊಳಲಿನಲ್ಲೂ ಬಾಯಿ ಹತ್ತಿರ ಎಡಗೈಯೇ ಅಲ್ವಾ. ಒಂದು ಎಚ್ಚರಿಕೆ ಮಾತ್ರ: ಕೆಲವು ಉದ್ದದ ವಾದ್ಯಗಳಲ್ಲಿ ಉಂಗುರ ಬೆರಳಿನ ತೂತನ್ನು ಸ್ವಲ್ಪ ಪಕ್ಕಕ್ಕೆ ಕೊರೆದಿರುತ್ತಾರೆ, ಅದರಲ್ಲಿ ಕೈ ಬದಲಾಯಿಸೋ ಆಟ ನಡೆಯೋದಿಲ್ಲ. ಕೊಳ್ಳುವ ಮೊದಲು ನೋಡಿ.

ಪ್ಲಾಸ್ಟಿಕ್ಕೋ ಬಿದಿರೋ? ಕೈ ಕಲಿಯೋಕೆ ಪ್ಲಾಸ್ಟಿಕ್ ಸಾಕು. ಆಗಸ್ಟಿನಲ್ಲಿ ತಾಮಾ ಹೊಳೆ ದಂಡೆಯ ಸೇತುವೆ ಕೆಳಗೆ ಕೂತು ನುಡಿಸುವಾಗ ಮಾತ್ರ ಬೆವರಿಗೆ ಜಾರುತ್ತದೆ. ಸೈಕಲ್ ಟ್ಯೂಬಿನ ತುಂಡೊಂದನ್ನು ಬಲ ಹೆಬ್ಬೆರಳು ಕೂರುವ ಜಾಗಕ್ಕೆ ಅಂಟಿಸಿದೆ, ತೊಂದರೆ ಮುಗಿಯಿತು. ಸೆನ್ಸೇ ಬಿದಿರಿಗೆ ಅದನ್ನು ಅಂಟಿಸಲು ಬಿಡೋದಿಲ್ಲ, ಕೇಳಿ ಬೈಸಿಕೊಂಡಾಗಿದೆ.

ಈಗ ನನ್ನ ಲೆಕ್ಕ ಇಷ್ಟು: 1.8ಕ್ಕೆ ಎಲ್ಲ ಬೆರಳೂ ಮೆತ್ತಗಿನ ಭಾಗ, 2.4ಕ್ಕೆ ಬೆರಕೆ, ತುದಿಬೆರಳು ಕೊಳಲಿಗೆ. ಈ ಕೊನೆಯದರಲ್ಲೂ ಒಂದು ಎಡವಟ್ಟು ಶುರುವಾಗಿದೆ. ಹೋದ ಭಾನುವಾರ ತುಂಬ ದಿನದ ಮೇಲೆ ಪೆಟ್ಟಿಗೆಯಿಂದ ಕೊಳಲು ತೆಗೆದು ಮೋಹನ ರಾಗ ಹಿಡಿದೆ. ಎರಡೂ ನಡುಬೆರಳು ಬಿದಿರಿಗೆ ಅಂಟಿಕೊಂಡು ಕೂತಿದ್ದವು, ಏಳಲೇ ಇಲ್ಲ.