ಹಂತಹಂತದ ಲೈಸೆನ್ಸ್‌ಗೆ ಸಿದ್ಧಪಡಿಸುವ ಚಾಲನಾ ತರಗತಿ

ನ್ಯೂಜಿಲೆಂಡ್‌ನಲ್ಲಿ 1987ರಿಂದ ಜಾರಿಯಲ್ಲಿರುವ ಹಂತಹಂತದ ಲೈಸೆನ್ಸ್ ಪದ್ಧತಿಯ ಎರಡನೇ ಹಂತಕ್ಕೆ (ಕೆಲವು ನಿರ್ಬಂಧಗಳೊಂದಿಗೆ ಒಬ್ಬರೇ ಓಡಿಸಬಹುದಾದ ಲೈಸೆನ್ಸಿಗೆ) ಸಿದ್ಧಳಾಗಲೆಂದು ಮಗಳನ್ನು ಸೇರಿಸಿದ ಡ್ರೈವಿಂಗ್ ಸ್ಕೂಲಿನ ಬೋಧನೆ ಒಟ್ಟಾರೆ ಮೆಚ್ಚುವಂಥದ್ದು. ಕ್ಲಚ್, ಗೇರುಗಳಿಗಿಂತ ಅಪಾಯವನ್ನು ಮೊದಲೇ ಗುರುತಿಸುವುದಕ್ಕೆ ಹೆಚ್ಚು ಒತ್ತು ಕೊಡುವ ಶಿಕ್ಷಕಿ, ನಿಂತ ಬಸ್ಸಿನ ಮರೆಯಿಂದ ಮಗುವೊಂದು ಓಡಿಬರಬಹುದೆಂದು ವೇಗ ತಗ್ಗಿಸಲು ಹೇಳಿ, ರಸ್ತೆಯಲ್ಲಿ ಕಂಡದ್ದನ್ನೆಲ್ಲ ಕಲಿಯುವವರ ಬಾಯಿಂದಲೇ ಹೇಳಿಸುತ್ತಾರೆ. ಮೊದಮೊದಲು ಕಿರಿಕಿರಿಯೆನಿಸಿದರೂ ಈ ಅಭ್ಯಾಸವೇ ತರಗತಿಯ ಜೀವಾಳ. ಎರಡನೇ ಹಂತದವರು ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ, ನಿಜ. ಆದರೆ ಚಳಿಗಾಲದಲ್ಲಿ ಸಂಜೆ ಆರಕ್ಕೇ ಕತ್ತಲಾಗುವ ನಾಡಿನಲ್ಲಿ ಇರುಳಿನ ಪಾಠವೊಂದನ್ನೂ ಇಡದಿರುವುದು ನನಗೆ ಸರಿಕಾಣಲಿಲ್ಲ. ಗೆಳೆಯರನ್ನು ಕೂರಿಸಿಕೊಳ್ಳುವುದಕ್ಕೆ ನಿರ್ಬಂಧವೇಕೆ ಎಂಬುದನ್ನು ಮಾತ್ರ ಚೆನ್ನಾಗಿ ಮನಗಾಣಿಸಿದ್ದಾರೆ. ಶುಲ್ಕ ತುಸು ದುಬಾರಿ. ಆದರೂ ಮಗನನ್ನೂ ಇಲ್ಲಿಗೇ ಸೇರಿಸುವೆ.